ನಿಲ್ಲದ ಕಂಬಳಿ

ಕಾಲು ಚಾಚ್ಕೊಂಡು ಸರಿಯಾಗಿ ಮಲ್ಕೋ ಮಗಾ. ನಡುನಡುವೆ ಹೂಂ ಅಂತಿರು, ಇಲ್ಲದಿದ್ರೆ ನಾನು ಗೋಡೆಗೆ ಕತೆ ಹೇಳ್ದಂಗಾಗುತ್ತೆ. ಈ ಕತೆ ಹೇಳೋವಾಗ ನಂಗೆ ಸಿಟ್ಟು ಬರುತ್ತೆ, ಈಗ್ಲೇ ಹೇಳ್ಬಿಡ್ತೀನಿ. ದನಿ ಏರಿದ್ರೆ ನೀನು ಬೆಚ್ಚಬೇಡ, ನಿನ್ಮೇಲಲ್ಲ.

ಒಂದಾನೊಂದು ಕಾಲ ಇತ್ತಂತೆ, ಮನುಷ್ಯರು ಕಮ್ಮಿ, ಕುರಿಗಳೇ ಜಾಸ್ತಿ ಇದ್ದ ಕಾಲ. ಆಗ ಬಯಲುಸೀಮೆ ಕಡೆ, ಬಂಡೆ ಗುಡ್ಡದ ಬುಡದಲ್ಲಿ ಒಂದು ಕೋಟೆ ಊರಿತ್ತಂತೆ. ಆ ಊರಲ್ಲಿ ಓಬಕ್ಕ ಅಂತ ಒಬ್ಬಳು ಹೆಣ್ಮಗಳು. ಗಂಡ ಹಾವು ಕಚ್ಚಿ ಹೋಗ್ಬಿಟ್ಟಿದ್ನಂತೆ, ಅವನು ಬಿಟ್ಟೋಗಿದ್ದು ಒಂದು ಹಿಂಡು ಕುರಿ ಮತ್ತೆ ಒಂದು ಪುಟ್ಟ ಮಗಳು. ಅವಳಿಗೆ ಮೂವರು ಅಣ್ಣಂದಿರು. ಅಯ್ಯೋ ನಮ್ಮ ತಂಗಿ ಒಂಟಿ ಆದ್ಲಲ್ಲಾ ಅಂತ ಅತ್ಕೊಂಡು ಕರ್ಕೊಂಡು ಬಂದ್ರಂತೆ ತವರಿಗೆ. ಪ್ರೀತಿಗೆ ಅಂದ್ಕೊಂಡ್ಯಾ? ಪ್ರೀತಿಗಲ್ಲ. ಕುರಿ ಬರುತ್ತಲ್ಲ ಜೊತೆಗೆ, ಅದಕ್ಕೆ! ಬಂದ ದಿನದಿಂದ ಅವಳಿಗೆ ಬೀಸೋ ಕೆಲಸ, ಸಗಣಿ ಬಾಚೋ ಕೆಲಸ, ಮೂರು ಮನೆ ನೀರು ಹೊರೋ ಕೆಲಸ. ಆದ್ರೂ ಅವಳು ಸುಮ್ನಿದ್ಲಂತೆ. ಆಮೇಲೆ ಒಂದಿನ ಊಟಕ್ಕೆ ಕೂತಾಗ ಆ ಪುಟ್ಟ ಮಗು ಇನ್ನೊಂದು ತುತ್ತು ಮುದ್ದೆ ಕೇಳ್ತಂತೆ, ಅಷ್ಟಕ್ಕೇ ದೊಡ್ಡತ್ತಿಗೆ ಮಗು ಮುಂದಿದ್ದ ತಟ್ಟೆನೇ ಎಳ್ಕೊಂಡ್ಬಿಟ್ಲಂತೆ. ಉಣ್ತಿರೋ ಮಗು ತಟ್ಟೆ! ಅವಳ ಕೈಗೆ ಕಜ್ಜಿ ಹತ್ತ! ಓಬಕ್ಕನ ಮೈಯೆಲ್ಲ ಉರಿದುಹೋಯ್ತಂತೆ. ಮಗುನ ಸೊಂಟಕ್ಕೆ ಹಾಕ್ಕೊಂಡು ಎದ್ದು, ನಾನು ಅಂಗಡಿ ಇಡ್ತೀನಿ, ನನ್ನ ಅನ್ನ ನಾನೇ ದುಡ್ಕೊಳ್ತೀನಿ ಅಂದ್ಲಂತೆ.

ಏನಂಗಡಿ ಅಂತೀಯಾ? ಕಂಬಳಿ ಅಂಗಡಿ. ಆ ಊರ ಕೋಟೆ ಬಾಗಿಲಿಗೆ ಅಗಸೆ ಅಂತಿದ್ರು. ಕುರಿ ಕಾಯೋರು ಎಲ್ಲಾ ಕಡೆಯಿಂದ ಅಗಸೆ ಮುಂದೇ ಹಾದು ಹೋಗ್ತಿದ್ರಂತೆ. ಕುರಿ ಕಾಯೋನಿಗೆ ಕಂಬಳಿನೇ ಮನೆ. ಮಳೆ ಬಂದ್ರೆ ತಲೆ ಮೇಲೆ ಕೊಪ್ಪೆ ಮಾಡಿ ಹಾಕ್ಕೊಳ್ಳೋದು ಅದನ್ನೇ, ಚಳಿಗೆ ಹೊದಿಯೋದು ಅದನ್ನೇ, ಈದ ಮರೀನ ಸುತ್ಕೊಂಡು ಬರೋದೂ ಅದ್ರಲ್ಲೇ. ಅಂಗಡಿ ಇಡೋಕೆ ಅಗಸೆಗಿಂತ ಒಳ್ಳೇ ಜಾಗ ಇಲ್ಲ.

ಆಮೇಲೆ ಅವಳು ಊರಗೌಡನ ಹತ್ರ ಹೋಗಿ ಜಾಗ ಕೇಳಿದ್ಲಂತೆ. ಗೌಡ ಮೀಸೆ ತಿರುವ್ತಾ ಹೇಳಿದ್ನಂತೆ, ಜಾಗ ಕೊಡ್ತೀನಿ ಕಣವ್ವಾ, ಆದ್ರೆ ಊರ ಕಟ್ಟು ಗೊತ್ತಲ್ಲ, ಹೊಸದಾಗಿ ಕಂಬಳಿ ಅಂಗಡಿ ಇಡೋರು ವರ್ಷದ ಮೊದಲ ಜೋರು ಮಳೇಲಿ ಅಗಸೆ ಮುಂದೆ ಬಯಲಲ್ಲಿ ನಿಲ್ಬೇಕು, ತಮ್ಮಂಗಡಿ ಕಂಬಳಿನೇ ಕೊಪ್ಪೆ ಹಾಕ್ಕೊಂಡು, ಅಂಗೈಯಲ್ಲಿ ಒಂದು ಹಿಡಿ ಉಪ್ಪಿಟ್ಕೊಂಡು. ಮಳೆ ನಿಂತ ಮೇಲೆ ಉಪ್ಪು ಒಣಗೇ ಇದ್ರೆ ಅಂಗಡಿ ನಿಂದು. ಕರಗಿದ್ರೆ ಈ ಜನ್ಮದಲ್ಲಿ ಇನ್ನು ಅಗಸೆ ಹತ್ರ ನೀನು ಕೂರೋಹಾಗಿಲ್ಲ. ಅಣ್ಣಂದಿರು ಅದನ್ನ ಕೇಳಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಇನ್ನೊಂದು ಗಂಟು ಹಾಕಿದ್ರಂತೆ. ಉಪ್ಪು ಕರಗಿದ್ರೆ ನಿನ್ನ ಕುರಿ ನಮ್ಮ ಹಿಂಡಿಗೆ ಸೇರುತ್ತೆ, ನೀನು ಸಾಯೋತನಕ ನಮ್ಮ ಮನೇಲಿ ಬೀಸ್ಕೊಂಡು ಇರ್ಬೇಕು, ನಿನ್ನ ಮಗಳೂ ಅಷ್ಟೇ. ಓಬಕ್ಕ ಹಲ್ಲು ಕಚ್ಕೊಂಡು ಆಯ್ತು ಅಂದ್ಲಂತೆ.

ಹೂಂ ಅನ್ನು. ಅಂಗಡಿ ಇಡೋದು ಇರ್ಲಿ, ಕಂಬಳಿ ಎಲ್ಲಿಂದ ತರೋದು? ಅದೇ ಈ ಕತೆ.

ದೊಡ್ಡಣ್ಣ ಬಂದು ಬೆಣ್ಣೆಯಂಥ ಮಾತಾಡಿದ್ನಂತೆ. ನಿಂಗ್ಯಾಕೆ ತಲೆನೋವು ತಂಗೀ, ಗಾಡಿ ಸಾವ್ಕಾರ ಬಂದಿದಾನೆ, ದೂರದೂರಿಂದ ಗಾಡಿ ತುಂಬ ಸಿದ್ಧ ಕಂಬಳಿ ತಂದಿದಾನೆ, ಅಗ್ಗಕ್ಕೆ ಸಿಗುತ್ತೆ, ತಗೊಂಡು ಮಡಚಿ ಇಟ್ಟು ಮಾರಿದ್ರಾಯ್ತು. ಓಬಕ್ಕ ಹೋಗಿ ನೋಡಿದ್ಲಂತೆ. ಆ ಸೀಮೆಯವರು ಕಂಬಳಿ ನೋಡೋ ರೀತಿನೇ ಒಂಥರಾ. ಉದ್ದುದ್ದ ಮಡಚಿ ನೆಲದ ಮೇಲೆ ನಿಲ್ಲಿಸ್ತಾರೆ. ನೆಟ್ಟಗೆ ನಿಂತ್ರೆ ಒತ್ತಾಗಿ ನೇಯ್ದಿರೋ ಗಟ್ಟಿ ಕಂಬಳಿ, ಬಾಗಿ ಬಿದ್ರೆ ಪೀಚು ಅಂತ ಲೆಕ್ಕ. ನಿಲ್ಸಿ ನೋಡಿ ತಗೊಂಡ ಮೇಲೆ ವಾಪಸ್ ಕೊಡೋಹಾಗಿಲ್ಲ, ಅದೂ ವಾಡಿಕೆನೇ. ಸಾವ್ಕಾರನ ಕಂಬಳಿ ಹೆಂಗೆ ನಿಲ್ತು ಅಂದ್ರೆ, ಗೋಡೆ ಥರ ನಿಲ್ತಂತೆ! ಕರ್ರಗೆ, ಬಿರುಸಾಗಿ, ತಟ್ಟಿದ್ರೆ ಹಲಗೆ ತಟ್ಟಿದಂಗೆ ಸದ್ದು. ಓಬಕ್ಕನೂ ಅದೇ ನೀರು ಕುಡ್ದು ಬೆಳೆದೋಳಲ್ವಾ, ನಂಬಿಬಿಟ್ಲು. ಹಿಂಡಲ್ಲಿ ಒಂದು ಪಾಲು ಕುರಿ ಹೊಡ್ಕೊಟ್ಟು ಕಂಬಳಿ ಹೊತ್ಕೊಂಡು ಬಂದ್ಲಂತೆ.

ಆಮೇಲೆ ಒಂದು ಮಧ್ಯಾಹ್ನ, ಒಂದು ಕಂಬಳಿನ ಬಿಸಿಲಿಗೆ ಬೇಲಿ ಮೇಲೆ ಹರವಿದ್ಲಂತೆ. ಪಕ್ಕದ ಮನೆ ಹಸು ಬಂದು ಅದರ ಅಂಚು ನೆಕ್ಕೋಕೆ ಶುರು ಮಾಡ್ತಂತೆ. ನೆಕ್ತು ನೆಕ್ತು, ಬೆಲ್ಲ ಸಿಕ್ಕಿದಂಗೆ ನೆಕ್ತು. ಹಚಾ ಅಂತ ಓಡಿಸಿ ಬಂದು ನೋಡ್ತಾಳೆ, ನೆಕ್ಕಿದ ಜಾಗ ಹಳೇ ಸೀರೆ ಥರ ಜೋತು ಬಿದ್ದಿದೆ, ಆ ಕಡೆ ಬೇಲಿ ಮುಳ್ಳೆಲ್ಲ ಈ ಕಡೆಯಿಂದ ಕಾಣ್ತಿದೆ! ನಾಲಿಗೆ ಇಟ್ಟು ನೋಡಿದ್ಲಂತೆ. ಹುಣಸೆ ಬೀಜದ ಗಂಜಿ!

ಗಂಜಿ ಅಂದ್ರೆ ಕುಡಿಯೋದಾ ಅಜ್ಜಿ?

ಅಲ್ಲ ಮಗಾ, ಹುಣಸೆ ಬೀಜ ಹುರಿದು ಅರೆದು ಕುದಿಸಿದ ಅಂಟು. ನೂಲು ಪರ್ಕೊಳ್ದೇ ಇರ್ಲಿ ಅಂತ ನೇಯೋ ಮೊದ್ಲು ಒಂಚೂರು ಸವರ್ತಾರೆ, ಅದು ತಪ್ಪಲ್ಲ. ಈ ಸಾವ್ಕಾರ ಮಾಡಿದ್ದೇನು? ಜಾಳುಜಾಳಾಗಿ ನೇಯ್ಸಿ, ಆಮೇಲೆ ಬಾನಿ ತುಂಬ ಗಂಜೀಲಿ ಅದ್ದಿ ಅದ್ದಿ ಒಣಗಿಸಿದ್ದ. ನಿಲ್ತಿದ್ದಿದ್ದು ಕಂಬಳಿ ಅಲ್ಲ, ಗಂಜಿ! ಮೊದಲ ಮಳೆಗೆ ಗಂಜಿ ಕರಗುತ್ತೆ, ಕುರಿ ಕಾಯೋನು ಅಡವಿ ನಡುವೆ ಜರಡಿ ಹೊದ್ಕೊಂಡು ನಿಂತಿರ್ತಾನೆ, ಅವನ ಕಂಕುಳಲ್ಲಿ ಮರಿ ನಡುಗಿ ಸಾಯುತ್ತೆ. ಥೂ, ಅವನ ಬಾಯಿಗೆ ಮಣ್ಣು ಬೀಳ!

ಅಜ್ಜಿ, ಕೂಗ್ಬೇಡ.

ಕೂಗ್ತಾ ಇಲ್ಲ ಮಗಾ, ಹೇಳ್ತಾ ಇದೀನಿ. ಓಬಕ್ಕ ಆ ಕಂಬಳಿ ಎತ್ಕೊಂಡು ಹೋಗಿ ಸಾವ್ಕಾರನ ಮುಖದ ಮೇಲೆ ಎಸೆದ್ಲಂತೆ. ಅವನು ನಕ್ಕು, ನಿಲ್ಸಿ ನೋಡಿ ತಗೊಂಡ್ಯಲ್ಲವ್ವಾ, ನಿಂತಿತ್ತೋ ಇಲ್ವೋ, ನಿಮ್ಮೂರ ವಾಡಿಕೆ ನೀವೇ ಮುರೀತೀರಾ ಅಂದನಂತೆ. ಹಂಗಾದ್ರೆ ನೀನೂ ಮಳೇಲಿ ಬಂದು ನಿಲ್ಲು ಅಂದ್ಲಂತೆ ಓಬಕ್ಕ. ಅದು ಅಂಗಡಿ ಇಡೋರಿಗೆ, ನಂದು ಗಾಡಿ ಅಂದನಂತೆ. ಮನೆಗೆ ಬಂದ್ರೆ ದೊಡ್ಡಣ್ಣ ಏನಂದ ಗೊತ್ತಾ? ಮಳೆಗಾಲಕ್ಕೆ ಇನ್ನೂ ಹೊತ್ತಿದೆ, ಅಷ್ಟರೊಳಗೆ ಬೇರೆ ಊರಲ್ಲಿ ಮಾರ್ಬಿಡು, ಯಾರಿಗ್ಗೊತ್ತಾಗುತ್ತೆ. ಅವನಿಗೆ ಸಾವ್ಕಾರ ಮೊದ್ಲೇ ಎರಡು ಕುರಿ ಬಿಟ್ಕೊಟ್ಟಿದ್ದ, ಆಮೇಲೆ ತಿಳೀತು ಅದು. ಓಬಕ್ಕ ಆ ಕಂಬಳಿಗಳನ್ನೆಲ್ಲ ತಗೊಂಡು ಹೋಗಿ ಕುರಿಹಟ್ಟೀಲಿ ಕುರಿ ಕಾಲಡಿಗೆ ಹಾಸಿದ್ಲಂತೆ. ಮಾರ್ಲಿಲ್ಲ ಅವಳು. ಒಂದನ್ನೂ ಮಾರ್ಲಿಲ್ಲ.

ಆಮೇಲೆ ನಡುವಲಣ್ಣ ಬಂದನಂತೆ. ಕೊಂಡು ತರೋದು ದಡ್ಡತನ ತಂಗೀ, ನಮ್ಮದೇ ಉಣ್ಣೆ ಇದೆ, ನೇಕಾರ ಹಟ್ಟಿಗೆ ಕೊಟ್ಟು ನೇಯ್ಸೋಣ. ನೀನು ಹೆಂಗಸು, ಅಲ್ಲೆಲ್ಲ ಯಾಕೆ ಅಲೀತೀಯ, ನಾನೇ ಓಡಾಡ್ತೀನಿ. ಮಾತು ಸರಿಯಾಗೇ ಇತ್ತು. ಓಬಕ್ಕ ಉಳಿದಿದ್ದ ಕುರಿಗಳ ಉಣ್ಣೆ ಕತ್ತರಿಸಿ ಗಂಟು ಕಟ್ಟಿದ್ಲಂತೆ, ಕೂಲಿಗೆ ಅಂತ ರಾಗಿ ಮೂಟೆ ಕೊಟ್ಲಂತೆ, ನಡುವಲಣ್ಣ ಗಾಡಿ ಹೊಡ್ಕೊಂಡು ಹೋದನಂತೆ. ಕಾದ್ಲು ಕಾದ್ಲು. ಆಮೇಲೆ ಕಂಬಳಿ ಬಂದ್ವು. ಬಿಚ್ಚಿ ನೋಡ್ತಾಳೆ, ಅವೂ ಜಾಳು! ಬೆರಳು ಹಾಕಿದ್ರೆ ಆ ಕಡೆ ಬರುತ್ತೆ. ಗಂಜಿನೂ ಇಲ್ಲ, ನೇಯ್ಗೆನೂ ಇಲ್ಲ.

ಈ ಸಲ ಓಬಕ್ಕ ಯಾರನ್ನೂ ಕೇಳ್ಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಗುಡ್ಡ ಹತ್ತಿ ಇಳಿದು ನೇಕಾರ ಹಟ್ಟಿಗೆ ನಡೆದ್ಲಂತೆ, ದಾರಿಯುದ್ದಕ್ಕೂ ಏನು ಬಯ್ಯಬೇಕು ಅಂತ ಜೋಡಿಸ್ಕೊಂಡೇ ಹೋದ್ಲಂತೆ. ಅಲ್ಲಿ ತಿಪ್ಪಕ್ಕ ಅಂತ ಒಬ್ಬಳು ಇದ್ಲು, ಗುಣಿಮಗ್ಗದಲ್ಲಿ ಕೂತು ಗಂಡಸರ ಸಮಕ್ಕೆ ನೇಯೋಳು. ನೆಲಕ್ಕೆ ಗುಂಡಿ ತೋಡಿ ಅದರೊಳಗೆ ಕಾಲಿಳಿಬಿಟ್ಟು ಕೂತು ನೇಯೋದು, ಅದೇ ಗುಣಿಮಗ್ಗ. ಹಟ್ಟಿಗೆಲ್ಲ ಅವಳ ಮಾತೇ ಮಾತು. ಓಬಕ್ಕ ಹೋದವಳೇ, ನಿಮ್ಮ ಕೈ ಸೇದೋಗ, ನನ್ನ ಉಣ್ಣೆ ತಿಂದ್ಬಿಟ್ರಲ್ಲೇ, ನಾನೂ ನನ್ನ ಮಗಳೂ ಬೀದಿಗೆ ಬೀಳ್ತೀವಲ್ಲೇ ಅಂತ ಶುರು ಹಚ್ಕೊಂಡ್ಲಂತೆ. ತಿಪ್ಪಕ್ಕ ಬಿಡ್ತಾಳಾ? ಗುಂಡಿಯಿಂದ ಎದ್ದು ಬಂದು, ಯಾವಳೇ ನೀನು, ಅರ್ಧ ಹೊಟ್ಟೆಗೆ ಕೂಲಿ ಕೊಟ್ಟು ಪೂರ್ತಿ ಕಂಬಳಿ ಕೇಳೋಳು, ನಾಚಿಕೆ ಆಗಲ್ವಾ ನಿಂಗೆ ಅಂದ್ಲಂತೆ. ಇವಳೊಂದು ಅವಳೊಂದು. ಹಟ್ಟಿ ಹಟ್ಟಿಯೇ ಸೇರಿತಂತೆ, ನಾಯಿಗಳು ಬೊಗಳೋದು ನಿಲ್ಲಿಸಿ ಕೂತು ನೋಡಿದ್ವಂತೆ.

ಕೊನೆಗೆ ಓಬಕ್ಕ ಕೇಳಿದ್ಲಂತೆ, ಮೂಟೆ ತುಂಬ ರಾಗಿ ಕಳ್ಸಿದ್ದೆ, ಅರ್ಧ ಹೊಟ್ಟೆ ಯಾಕಾಯ್ತು? ತಿಪ್ಪಕ್ಕ ಒಳಗೆ ಹೋಗಿ ಮೂಟೆ ತಂದು ಅವಳ ಮುಂದೆ ಬಿಸಾಕಿದ್ಲಂತೆ. ಅದು ಅರ್ಧವೂ ಇರ್ಲಿಲ್ಲ. ಉಣ್ಣೆ ಗಂಟೂ ಅಷ್ಟೇ, ದಾರೀಲೇ ಕರಗಿತ್ತು. ಇಷ್ಟರಲ್ಲೇ ಎಲ್ಲಾ ಕಂಬಳಿ ಆಗ್ಬೇಕು, ಇಲ್ಲದಿದ್ರೆ ಇನ್ನೊಂದು ಹಟ್ಟಿಗೆ ಕೊಡ್ತೀನಿ ಅಂತ ನಡುವಲಣ್ಣ ಹೇಳಿ ಹೋಗಿದ್ನಂತೆ. ಮಕ್ಕಳು ಹಸ್ಕೊಂಡಿದ್ವು, ಅದಕ್ಕೆ ನೇಯ್ದಿದ್ರು. ಒಡಹುಟ್ಟಿದ ತಂಗಿ ಅನ್ನಕ್ಕೆ ಕೈ ಹಾಕಿದ್ನಲ್ಲ ಆ ಕಳ್ಳ, ನೇಕಾರ ಮಕ್ಕಳ ಹೊಟ್ಟೆಗೂ ಕೈ ಹಾಕಿದ್ನಲ್ಲ, ನನ್ನ ಕೈಗೆ ಸಿಕ್ಕಿದ್ರೆ ಒನಕೆ ತಗೊಂಡು...

ಆಮೇಲೆ ಅಜ್ಜಿ?

ಹೂಂ, ಆಮೇಲೆ. ನಿಮ್ಮಣ್ಣ ಕಳ್ಳ, ಅದು ಸರಿ, ನೀನು ಯಾಕೆ ಬರ್ಲಿಲ್ಲ ಅಂತ ಕೇಳಿದ್ಲಂತೆ ತಿಪ್ಪಕ್ಕ. ನಿನ್ನಂಗಡಿ, ನಿನ್ನುಣ್ಣೆ, ನೇಯೋರ ಮುಖ ನೋಡೋಕೆ ನಿಂಗೆ ಪುರುಸೊತ್ತಿರ್ಲಿಲ್ವಾ? ಓಬಕ್ಕನ ಬೈಗುಳ ಎಲ್ಲ ಖಾಲಿಯಾಗಿತ್ತು. ಮುಖ ಊದಿಸ್ಕೊಂಡು ಹಂಗೇ ವಾಪಸ್ ಬಂದ್ಲಂತೆ. ಇದು ನಂಗೆ ಹಿಡಿಸಲ್ಲ ನೋಡು, ಅಲ್ಲೇ ಕೂತು ಮಾತಾಡಿದ್ರೆ ಅವಳಪ್ಪನ ಗಂಟೇನು ಹೋಗ್ತಿತ್ತು? ಸೊಕ್ಕು. ಓಬಕ್ಕನಿಗೂ ಸೊಕ್ಕಿತ್ತು, ಇಲ್ಲ ಅನ್ನಲ್ಲ.

ಆಮೇಲೆ ಕಿರಿಯಣ್ಣನ ಸರದಿ. ಅವನು ಕಳ್ಳ ಅಲ್ಲ, ಸೋಮಾರಿ, ಆದ್ರೆ ಉಪದೇಶ ಮಾತ್ರ ಬೇಕಾದಷ್ಟು. ಯಾರನ್ನೂ ನಂಬ್ಬೇಡ ತಂಗೀ, ಎಲ್ಲಾ ನೀನೇ ಮಾಡ್ಕೋ, ಹಿಂಜೋದು, ನೂಲೋದು, ನೇಯೋದು, ನಿಂದೇ ಕಂಬಳಿ, ಯಾರ ಹಂಗಿಲ್ಲ. ಸೊಕ್ಕಲ್ಲಿದ್ದ ಓಬಕ್ಕನಿಗೆ ಅದೇ ಸರಿ ಅನ್ನಿಸ್ತಂತೆ. ಗಂಡನ ಮನೆ ಕಡೆಯೋರ ಹತ್ರ ಇನ್ನೊಂದಷ್ಟು ಉಣ್ಣೆ ತಂದು ಕೂತ್ಲಂತೆ. ನೂಲೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ. ಎಳೆ ತೆಗೆದ್ರೆ ಎಲ್ಲೂ ದಪ್ಪ ಸಣ್ಣ ಇಲ್ಲ, ಗಂಟಿಲ್ಲ. ರಾಟೆ ತಿರುಗಿದ್ದೇ ತಿರುಗಿದ್ದು, ನೂಲು ಗುಡ್ಡೆ ಬಿತ್ತಂತೆ. ಆಮೇಲೆ ಹಿತ್ತಲಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ್ಲಂತೆ. ಅಲ್ಲಿ ಸಿಕ್ಕಾಕ್ಕೊಂಡ್ಲು. ಲಾಳಿ ಎಸೆದ್ರೆ ನೂಲು ಪರ್ಕೊಳ್ಳುತ್ತೆ. ಎಳೆ ಒತ್ತೋ ಹಣಿಗೆ ಬಡಿದ್ರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಿಚ್ಚೋದು, ಮತ್ತೆ ಹೂಡೋದು, ಮತ್ತೆ ಬಿಚ್ಚೋದು. ಅತ್ತ ನೇಯೋಕೆ ಕೂತ್ರೆ ಇತ್ತ ಕುರಿಗೆ ಮೇವಿಲ್ಲ, ಮಗು ಅಳ್ತಾ ಬಂದು ಗುಂಡಿ ಅಂಚಲ್ಲೇ ನಿದ್ದೆ ಹೋಗುತ್ತೆ. ಗೇಣಗಲ ಕಂಬಳಿ ಆಗೋ ಹೊತ್ತಿಗೆ ಪಡುವಣ ಕಡೆ ಮೋಡ ಕಟ್ಟೋಕೆ ಶುರುವಾಯ್ತಂತೆ.

ಕಿರಿಯಣ್ಣ ಎಲೆಅಡಿಕೆ ಜಗೀತಾ ಬಂದು ನಿಂತ್ಕೊಂಡು ನಗ್ತಾನೆ. ಆಗಲ್ಲ ಬಿಡು ತಂಗೀ, ಹೆಂಗಸರಿಗ್ಯಾಕೆ ಅಂಗಡಿ. ಎದ್ದು ಬಾ, ದನದ ಕೊಟ್ಟಿಗೆ ಸಗಣಿ ಹಂಗೇ ಬಿದ್ದಿದೆ, ಅತ್ತಿಗೆ ಕಾಯ್ತಿದಾಳೆ. ನೋಡು, ನೀನೇ ಮಾಡ್ಕೋ ಅಂದೋನೂ ಅವನೇ, ಆಗಲ್ಲ ಬಿಡು ಅನ್ನೋನೂ ಅವನೇ! ಒಂದಿನ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟಿದ್ರೆ ಕೇಳು!

ಅವತ್ತು ಓಬಕ್ಕನಿಗೆ ಸಿಟ್ಟು ನೆತ್ತಿಗೇರಿತಂತೆ. ಸಾವ್ಕಾರನ ಮೇಲೆ, ಅಣ್ಣಂದಿರ ಮೇಲೆ, ಎಲ್ಲಕ್ಕಿಂತ ಜಾಸ್ತಿ ತನ್ನ ಮೇಲೆ. ಮೂರು ಜನ ಮೂರು ದಾರಿ ಹೇಳಿದ್ರು, ಮೂರರಲ್ಲೂ ನಾನು ಕಣ್ಮುಚ್ಚಿ ನಡೆದೆ. ಸಾವ್ಕಾರನ ಕಂಬಳಿ ನೇಯ್ದೋರು ಯಾರು ಅಂತ ಕೇಳ್ಲಿಲ್ಲ, ತಿಪ್ಪಕ್ಕನ ಮುಂದೆ ಕೂತು ಕೂಲಿ ಮಾತಾಡ್ಲಿಲ್ಲ, ನಂಗೆ ಏನು ಬರುತ್ತೆ ಏನು ಬರಲ್ಲ ಅಂತ ಒಪ್ಕೊಳ್ಳಿಲ್ಲ. ಹಂಗಂದ್ಕೊಂಡು ಎದ್ದ್ಲಂತೆ. ಇದ್ದ ಒಂದು ಕೊಬ್ಬಿದ ಟಗರು ಕೊಟ್ಟು ರಾಗಿ ತಂದ್ಲಂತೆ. ಆ ರಾಗಿ ಕತ್ತೆ ಮೇಲೆ, ನೂಲಿನ ಗಂಟು ತಲೆ ಮೇಲೆ, ಮಗಳು ಬೆನ್ನ ಮೇಲೆ. ಗುಡ್ಡ ಹತ್ತಿ ಇಳಿದ್ಲಂತೆ.

ತಿಪ್ಪಕ್ಕ ನೋಡಿ, ಮತ್ತೆ ಯಾಕೆ ಬಂದೆ, ಜಗಳ ಬಾಕಿ ಇತ್ತಾ ಅಂದ್ಲಂತೆ. ಜಗಳಾನೂ ಆಡ್ತೀನಿ, ಮೊದ್ಲು ಇದನ್ನ ನೋಡು ಅಂತ ಓಬಕ್ಕ ಗಂಟು ಬಿಚ್ಚಿದ್ಲಂತೆ. ತಿಪ್ಪಕ್ಕ ನೂಲು ಹಿಡ್ಕೊಂಡು ಬೆರಳಲ್ಲಿ ಉಜ್ಜಿ, ಎಳೆದು ನೋಡಿದ್ಲಂತೆ. ಆಮೇಲೆ, ಇಂಥ ನೂಲು ಇಟ್ಕೊಂಡು ಹಿತ್ತಲಲ್ಲಿ ಏನು ಮಾಡ್ತಿದ್ದೆ ಮಂಕೇ ಅಂದ್ಲಂತೆ. ನೇಯ್ತಿದ್ದೆ ಅಂದ್ಲಂತೆ ಓಬಕ್ಕ. ತೋರ್ಸು ಅಂದ್ಲಂತೆ. ಆ ಗೇಣಗಲದ ತುಂಡು ತೋರಿಸಿದ್ರೆ ಹಟ್ಟಿಯೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರಂತೆ, ಓಬಕ್ಕನ ಮಗಳೂ ನಕ್ಕಳಂತೆ. ಓಬಕ್ಕ ಮಾತ್ರ ನಗ್ಲಿಲ್ಲ, ಅವಳಿಗೆ ಮೋಡ ಕಾಣ್ತಿತ್ತು.

ಆಮೇಲೆ ಕೂತು ಮಾತಾಡಿದ್ರಂತೆ. ತಿಪ್ಪಕ್ಕ ಮೂರು ಮಾತು ಹೇಳಿದ್ಲಂತೆ. ಮೊದಲ್ನೇದು, ನಡುವೆ ಅಣ್ಣ ತಮ್ಮ ಯಾರೂ ಬರಕೂಡ್ದು, ನೂಲು ನೀನೇ ತಂದು ಕೊಡು, ಕಂಬಳಿ ನೀನೇ ನೋಡಿ ಹೊರು. ಎರಡ್ನೇದು, ಮಗ್ಗ ಹೂಡೋ ಮೊದ್ಲು ರಾಗಿ ನನ್ನ ಕಣ್ಮುಂದೆ ಅಳೀಬೇಕು, ನಾನು ಸಾಕು ಅನ್ನೋತನಕ. ಮೂರ್ನೇದು, ನೀನು ಮಳೇಲಿ ನಿಲ್ಲೋ ದಿನ ನಾನೂ ಪಕ್ಕದಲ್ಲಿ ನಿಲ್ತೀನಿ, ನೇಯ್ದೋಳು ಯಾರು ಅಂತ ಊರು ನೋಡ್ಲಿ. ಓಬಕ್ಕ ಮೂರಕ್ಕೂ ಹೂಂ ಅಂದು ತನ್ನದೂ ಒಂದು ಮಾತು ಹೇಳಿದ್ಲಂತೆ. ನೂಲಿಗೆ ಸವರೋ ಗಂಜಿ ಸವರ್ಕೋ, ನೇಯ್ದ ಮೇಲೆ ಒಂದು ತೊಟ್ಟೂ ಹಾಕಕೂಡ್ದು. ಸಡಿಲ ಕಂಡ್ರೆ ನಿನ್ನ ಮುಂದೇ ಬಿಚ್ಚಿ ಎಸೀತೀನಿ. ತಿಪ್ಪಕ್ಕನಿಗೆ ಕೋಪ ಬಂತಂತೆ. ಗಂಜಿ ಹಾಕದಿದ್ರೆ ಕಂಬಳಿ ನೆಟ್ಟಗೆ ನಿಲ್ಲಲ್ಲ, ನಿಲ್ಲದ ಕಂಬಳಿ ನಿಮ್ಮೂರಲ್ಲಿ ಯಾರು ಮುಟ್ತಾರೆ ಅಂದ್ಲಂತೆ. ನಿಲ್ಲೋದು ನೋಡೀನೇ ನಾನು ಕೆಟ್ಟೆ, ನಂಗೆ ನಿಲ್ಲದೇ ಇರೋದೇ ಬೇಕು ಅಂದ್ಲಂತೆ ಓಬಕ್ಕ. ಹಟ್ಟಿಯ ಮಗ್ಗ ಎಲ್ಲಾ ಒಟ್ಟಿಗೆ ಹೂಡಿದ್ರಂತೆ. ಹಣಿಗೆ ಬಡಿಯೋ ಸದ್ದಿಗೆ ಗುಡ್ಡ ಎಲ್ಲ ಧಡಧಡ ಅಂತಿತ್ತಂತೆ.

ಆಮೇಲೆ ಆ ದಿನ ಬಂತು. ಗಾಳಿ ಎದ್ದು ಮೋಡ ಇಳಿದು ಊರಿಗೂರೇ ಅಗಸೆ ಮುಂದೆ ಸೇರಿತಂತೆ. ಎಲ್ಲರ ಹೆಗಲ ಮೇಲೂ ಕರ್ರಗೆ ಬಿರುಸಾದ ಹೊಸ ಕಂಬಳಿ, ಗಾಡಿ ಸಾವ್ಕಾರ ಊರಿಗೆಲ್ಲ ಮಾರ್ಬಿಟ್ಟಿದ್ದ! ಅವನೂ ಬಂದು ನಿಂತಿದ್ದ, ಓಬಕ್ಕ ಸೋತ್ರೆ ಆ ಜಾಗದಲ್ಲಿ ತನ್ನ ಗಾಡಿ ನಿಲ್ಲಿಸೋಣ ಅಂತ. ಮೂವರು ಅಣ್ಣಂದಿರೂ ಇದ್ರು, ಅತ್ತಿಗೆಯರೂ ಇದ್ರು.

ಗೌಡ ಓಬಕ್ಕನ ಕಂಬಳಿ ಮಡಚಿ ನೆಲದ ಮೇಲೆ ನಿಲ್ಸಿದ್ನಂತೆ. ಕುಸಿದು ಬಿತ್ತು. ಇನ್ನೊಂದ್ಸಲ ನಿಲ್ಸಿದ, ಬಿತ್ತು. ಮೂರನೇ ಸಲ ನಿಲ್ಸಿದ, ನಾಯಿ ಮಲಗಿದಂಗೆ ಮಲಗಿಬಿಡ್ತಂತೆ. ಜನ ಹೋ ಅಂತ ನಕ್ರು. ನಿಲ್ಲದ ಕಂಬಳಿ ಮಾರೋಕೆ ಬಂದ್ಲು ನೋಡ್ರೋ ಅಂತ ಸಿಳ್ಳೆ ಹೊಡೆದ್ರು. ಗೌಡ, ಇದಕ್ಕೆ ಮಳೆ ಬೇರೆ ಬೇಕೇನವ್ವಾ, ಸುಮ್ನೆ ಮನೆಗೆ ಹೋಗು ಅಂದನಂತೆ. ದೊಡ್ಡಣ್ಣ ಆಗ್ಲೇ ಮುಂದೆ ಬಂದು ತಂಗಿ ರಟ್ಟೆ ಹಿಡ್ಕೊಂಡ್ನಂತೆ.

ಓಬಕ್ಕ ರಟ್ಟೆ ಕೊಡವಿದ್ಲಂತೆ. ಕಂಬಳಿ ನಿಲ್ಲೋಕಲ್ಲ ಗೌಡ್ರೇ, ಹೊದಿಯೋಕೆ! ಊರ ಕಟ್ಟು ಉಪ್ಪು ಅಂತ ಹೇಳುತ್ತೆ, ನಗು ಅಂತ ಹೇಳಲ್ಲ! ಕೈಗೆ ಉಪ್ಪು ಹಾಕಿ ಅಂತ ಕೂಗಿದ್ಲಂತೆ. ಆ ದನಿಗೆ ಗೌಡ ಉಪ್ಪು ತರ್ಸಿದ. ಓಬಕ್ಕ ಕೊಪ್ಪೆ ಹಾಕ್ಕೊಂಡು ಬಯಲಲ್ಲಿ ನಿಂತ್ಲು, ತಿಪ್ಪಕ್ಕ ಅವಳ ಪಕ್ಕದಲ್ಲಿ. ಇಬ್ಬರ ಅಂಗೈಗೂ ಉಪ್ಪು ಹಾಕಿದ್ರು.

ಮಳೆ ಸುರೀತು ನೋಡು! ಒಂದೊಂದು ಹನಿ ಒಂದೊಂದು ಹುಣಸೆ ಬೀಜದಷ್ಟು. ಜನ ನಗ್ತಾ ನಗ್ತಾನೇ ತಂತಮ್ಮ ಕಂಬಳಿ ಕೊಪ್ಪೆ ಹಾಕ್ಕೊಂಡ್ರಂತೆ. ಒಂದು ಗಳಿಗೆ ಆಯ್ತು. ಮುಂದೆ ನಿಂತಿದ್ದೋನೊಬ್ಬ ಮುಖ ಒರೆಸ್ಕೊಂಡ, ಕೈಗೆ ಅಂಟಂಟು. ಅವನ ಹಿಂದಿನೋನ ಮೂಗಿನಿಂದ ಕಂದು ಗಂಜಿ ಇಳೀತಿದೆ. ಗೌಡನ ಮೀಸೆ ಮೇಲೆ ಗಂಜಿ, ದೊಡ್ಡಣ್ಣನ ಗಡ್ಡದ ಮೇಲೆ ಗಂಜಿ, ಅತ್ತಿಗೆ ತಲೆ ಬೈತಲೆ ತುಂಬ ಗಂಜಿ! ಬಿರುಸಾಗಿದ್ದ ಕಂಬಳಿ ಎಲ್ಲಾ ಒದ್ದೆ ಚಿಂದಿ ಥರ ಮೈಗೆ ಅಂಟ್ಕೊಂಡು ಒಳಗೆ ನೀರು ದಬದಬ ಸುರೀತಂತೆ. ಹಸುಗೂಸು ಎತ್ಕೊಂಡಿದ್ದ ತಾಯಂದಿರು ಎಲ್ಲಿ ಹೋಗೋದು ಅಂತ ತಿಳೀದೆ ಓಡಿ ಬಂದು ಓಬಕ್ಕನ ಕಂಬಳಿ ಅಂಚಿನಡಿ ತೂರ್ಕೊಂಡ್ರಂತೆ. ಅವಳ ಕಂಬಳಿ ಹಗುರವಾಗಿ ಮೈಮೇಲೆ ಜೋತು ಬಿದ್ದಿತ್ತು, ಹನಿ ಎಲ್ಲಾ ಮೇಲಿಂದ ಮೇಲೆ ಜಾರಿ ಹೋಗ್ತಿತ್ತು.

ಮಳೆ ನಿಂತಾಗ ಯಾರೂ ನಗ್ತಿರ್ಲಿಲ್ಲ. ಓಬಕ್ಕ ಅಂಗೈ ಬಿಚ್ಚಿದ್ಲು, ತಿಪ್ಪಕ್ಕ ಅಂಗೈ ಬಿಚ್ಚಿದ್ಲು. ಉಪ್ಪು ಹರಳು ಹರಳಾಗಿ ಹಂಗೇ ಇತ್ತಂತೆ.

ಗೌಡ ಬಾಯ್ಬಿಡೋಕೆ ಹೋದ. ಓಬಕ್ಕ ಬಿಡ್ಲಿಲ್ಲ. ಅಂಗಡಿ ಕೊಡ್ತೀರಿ, ಗೊತ್ತು. ಅದಕ್ಕೂ ಮೊದ್ಲು ಒಂದು ಹೇಳಿ. ಗುಡಿಸ್ಲು ಅಂಗಡಿ ಇಡೋ ವಿಧವೆ ಮಾತ್ರ ಮಳೇಲಿ ನಿಲ್ಬೇಕು, ಗಾಡಿ ತುಂಬ ಮೋಸ ತರೋನು ನಿಲ್ಬೇಕಾಗಿಲ್ಲ, ಈ ಕಟ್ಟು ಕಟ್ಟಿದೋರು ಯಾರು? ನೀವೆಲ್ಲ ನೆಲದ ಮೇಲೆ ನಿಲ್ಸಿ ನೋಡಿದ್ರಲ್ಲ, ಒಬ್ಬರಾದ್ರೂ ಹೊದ್ಕೊಂಡು ನೋಡಿದ್ರಾ? ಗೌಡ ಮೀಸೆ ಮೇಲಿನ ಗಂಜಿ ಒರೆಸ್ಕೊಂಡು ತಲೆ ತಗ್ಗಿಸಿದ್ನಂತೆ. ಅಷ್ಟು ಹೊತ್ತಿಗೆ ಜನ ಸಾವ್ಕಾರನ ಗಾಡಿ ಸುತ್ತ ಸೇರಿದ್ರು. ಅವನು ಎತ್ತೂ ಬಿಟ್ಟು ಗಾಡಿನೂ ಬಿಟ್ಟು ಗುಡ್ಡ ಹತ್ತಿ ಓಡಿದೋನು ಮತ್ತೆ ಆ ಸೀಮೆ ಕಡೆ ತಲೆ ಹಾಕ್ಲಿಲ್ವಂತೆ. ಅವತ್ತಿಂದ ಅಂಗಡಿಯಾಗ್ಲಿ ಗಾಡಿಯಾಗ್ಲಿ, ಕಂಬಳಿ ಮಾರೋರೆಲ್ಲ ವರ್ಷ ವರ್ಷ ಮಳೇಲಿ ನಿಲ್ಬೇಕು ಅಂತ ಆಯ್ತಂತೆ.

ಆಮೇಲೆ ನಾಚಿಕೆ ಇಲ್ದೋರು ಬಂದ್ರು ನೋಡು, ಮೂವರು ಅಣ್ಣಂದಿರು. ನೀನು ಹೆಂಗಸು, ಒಬ್ಳೇ ಹೆಂಗೆ ನಡೆಸ್ತೀಯ, ಅಂಗಡಿ ನಾವು ನೋಡ್ಕೋತೀವಿ, ನೀನು ಆರಾಮಾಗಿ ಮನೇಲಿರು ಅಂತ. ಗಂಜಿ ಇನ್ನೂ ಒಣಗಿರ್ಲಿಲ್ಲ ಗಡ್ಡದ ಮೇಲೆ! ಓಬಕ್ಕ ಕಂಬಳಿ ಮಡಚ್ತಾನೇ ಹೇಳಿದ್ಲಂತೆ, ಕಂಬಳಿ ಬೇಕಿದ್ರೆ ಆ ಸಾಲಿನ ಕೊನೇಲಿ ನಿಂತ್ಕೊಳ್ಳಿ ಅಣ್ಣಂದಿರಾ, ಬೇಡದಿದ್ರೆ ಪಕ್ಕಕ್ಕೆ ಸರೀರಿ, ಗಿರಾಕಿಗೆ ಅಡ್ಡ ನಿಂತಿದೀರಿ.

ಸಾಲಲ್ಲಿ ನಿಂತ್ರಾ ಅಜ್ಜಿ?

ನಿಂತ್ರು, ಮತ್ತೇನು ಮಾಡ್ತಾರೆ, ಚಳಿ ಆಗ್ತಿತ್ತು. ಓಬಕ್ಕ ಅಗಸೆ ಹಿಂದೇನೇ ಒಂದು ಮನೆ ಕಟ್ಕೊಂಡು ಮಗಳ ಜೊತೆ ಸುಖವಾಗಿದ್ಲಂತೆ. ತಿಪ್ಪಕ್ಕನ ಹಟ್ಟಿ ಮಕ್ಕಳೂ ಉಂಡು ದುಂಡಗಾದ್ರಂತೆ. ಸುಖ ಅಂದ್ರೆ ಅವರಿಬ್ಬರು ಕೆನ್ನೆಗೆ ಕೆನ್ನೆ ಕೊಟ್ಕೊಂಡಿದ್ರು ಅಂದ್ಕೋಬೇಡ. ಉಣ್ಣೆ ಕತ್ತರಿಸೋ ಕಾಲ ಬಂದಾಗೆಲ್ಲ ಜಗಳ. ನೇಯ್ಗೆ ಸಡಿಲ ಆಗಿದೆ ಅಂತ ಇವಳು, ರಾಗಿ ಅಳತೆ ಕಮ್ಮಿ ಆಗಿದೆ ಅಂತ ಅವಳು, ಅಂಗಡಿ ಮುಂದೆ ಊರೇ ಎದ್ದು ನಿಲ್ಲೋಹಂಗೆ ಕೂಗಾಟ. ಬಿಚ್ಚೋದು ಬಿಚ್ಚೋರು, ಅಳೆಯೋದು ಅಳೆಯೋರು, ಆಮೇಲೆ ಒಂದೇ ತಟ್ಟೇಲಿ ಉಣ್ಣೋರು. ಹೊಸದಾಗಿ ಬಂದ ಗಿರಾಕಿ ಹೆದರ್ಕೊಂಡು ಹೋಗೋಕೆ ನೋಡಿದ್ರೆ ಅಗಸೆ ಕಾಯೋನು ತಡೆದು ಹೇಳ್ತಿದ್ನಂತೆ, ಹೋಗ್ಬೇಡಿ ಕಣಣ್ಣಾ, ಅವರು ಹಿಂಗೆ ಜಗಳ ಆಡ್ತಿರೋತನಕ ಧೈರ್ಯವಾಗಿ ತಗೊಳ್ಳಿ, ಜಗಳ ನಿಲ್ಲಿಸಿದ ದಿನ ನಾನೇ ಬೇಡ ಅಂತೀನಿ.

ಅಷ್ಟೇ ಮಗಾ, ಕತೆ ಮುಗೀತು, ಕಣ್ಮುಚ್ಚು.